ಅಜ್ಜ ಹವಾಲ್ದಾರ್, ನಾನು ಕ್ಯಾಡೆಟ್

ಕೊಡಗಿನಲ್ಲಿ ಸೈನ್ಯದ ಮಾತು ಕೇಳದೆ ಬೆಳೆಯೋದು ಕಷ್ಟ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ವೃತ್ತವಿದೆ. ಅವರು ಬೆಳೆದ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. 1949ರ ಜನವರಿ 15ರಂದು ನಮ್ಮ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು ಹುಟ್ಟಿದ್ದು ಇಲ್ಲೇ ಶನಿವಾರಸಂತೆಯಲ್ಲಿ. ಆದರೆ ನಮ್ಮ ಮನೆಯಲ್ಲಿ ಸೈನ್ಯ ಅಂದರೆ ಅಜ್ಜ. ಹವಾಲ್ದಾರ್ ಆಗಿ ನಿವೃತ್ತಿಯಾದವರು. ದೊಡ್ಡಪ್ಪ ನಾಯಕ್ ಆಗಿದ್ದರು. ಎರಡೂ ಆಫೀಸರ್‌ಗಿಂತ ಕೆಳಗಿನ ಹುದ್ದೆ. ಆಫೀಸರ್ ಆಗೋದು ದೊಡ್ಡ ತೋಟದ ಮನೆಯ ಮಕ್ಕಳು ಅನ್ನೋದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರೂ ನಂಬಿದ್ದರು ಅಷ್ಟೇ. ನಾನೂ ಆಗಬಹುದು ಅಂತ ಗೊತ್ತಾಗಿದ್ದು ಬಿ.ಕಾಂ. ಮೊದಲ ವರ್ಷದಲ್ಲಿ, ವಿದ್ಯಾರ್ಥಿಗಳಿಗೆ ಸೈನ್ಯದ ಮಾದರಿಯ ತರಬೇತಿ ಕೊಡುವ ಎನ್‌ಸಿಸಿ ಸೇರಿದ ದಿನ.

ಆಯ್ಕೆ ನಡೆದದ್ದು ಮಳೆಗಾಲದಲ್ಲಿ. ಎತ್ತರ, ತೂಕ ನೋಡಿದರು. ಆಮೇಲೆ ಓಟ. ಮಡಿಕೇರಿಯ ಮಳೆ ನಿಲ್ಲಲಿ ಅಂತ ಕಾಯುತ್ತಾ ಕೂತರೆ ಯಾವ ಕೆಲಸವೂ ಆಗಲ್ಲ, ಹಾಗಾಗಿ ಮಳೆಯಲ್ಲೇ ಓಡಿಸಿದರು. ಕೆಸರಲ್ಲಿ ಕಾಲು ಹೂತು ಹೋಗುತ್ತಿತ್ತು. ಬೆಟಾಲಿಯನ್ನಿನಿಂದ ಬಂದಿದ್ದ ಹವಾಲ್ದಾರ್ ಸಾಬ್ ರೈನ್‌ಕೋಟಿನಲ್ಲಿ ನಿಂತು, "ರುಕ್ನಾ ನಹೀ, ರುಕ್ನಾ ನಹೀ" ಅಂತ ಕೂಗುತ್ತಲೇ ಇದ್ದರು. ನಿಲ್ಲಲಿಲ್ಲ.

ಮೈ ಒರೆಸಿಕೊಂಡು ಒಳಗೆ ಹೋದೆ. ಎನ್‌ಸಿಸಿ ನೋಡಿಕೊಳ್ಳುವ ಲೆಕ್ಚರರ್ ಕೇಳಿದರು, "ಯಾಕಮ್ಮ ಸೇರ್ತೀಯ?"

"ನಮ್ಮಜ್ಜ ಮಿಲಿಟರಿಯಲ್ಲಿದ್ರು ಸರ್."

"ಅದು ಅಜ್ಜನ ವಿಷಯ. ನೀನು ಏನಾಗ್ಬೇಕು?"

ಪೊಲೀಸ್ ಕೆಲಸಕ್ಕೆ ಅನುಕೂಲ ಆಗುತ್ತೆ ಅಂತ ಕೇಳಿದ್ದೆ, ಅದನ್ನೇ ಹೇಳಿದೆ. "ಸೈನ್ಯದಲ್ಲಿ ಆಫೀಸರ್ ಆಗೋ ಆಸೆ ಇಲ್ವಾ?" ಅಂದರು. ನನ್ನನ್ನು ಹಾಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಅವರು ಒಂದು ಹಾಳೆ ತೆಗೆದು ದಾರಿ ಬರೆದುಕೊಟ್ಟರು. ಎನ್‌ಸಿಸಿಯಲ್ಲಿ ಎರಡು ವರ್ಷಕ್ಕೆ 'ಬಿ' ಸರ್ಟಿಫಿಕೇಟ್, ಮೂರನೇ ವರ್ಷ 'ಸಿ'. 'ಸಿ'ಯಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇಕಡ 50 ಅಂಕ ಇದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ, ಅಂದರೆ ಎನ್‌ಸಿಸಿಯವರು ಸೈನ್ಯದಲ್ಲಿ ಆಫೀಸರ್ ಆಗೋ ದಾರಿಗೆ, ಅರ್ಜಿ ಹಾಕಬಹುದು. ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಅರ್ಜಿಗಳಲ್ಲಿ ಆರಿಸಿದವರನ್ನು ನೇರ ಎಸ್‌ಎಸ್‌ಬಿ, ಅಂದರೆ ಆಫೀಸರ್‌ಗಳನ್ನು ಆರಿಸುವ ಮಂಡಳಿಯ, ಸಂದರ್ಶನಕ್ಕೆ ಕರೆಯುತ್ತಾರೆ. ಅದು ಐದು ದಿನ ನಡೆಯುತ್ತದೆ. ಅಲ್ಲೂ ಮೆಡಿಕಲ್‌ನಲ್ಲೂ ಪಾಸಾಗಿ ಮೆರಿಟ್ ಪಟ್ಟಿಯಲ್ಲಿ ಹೆಸರು ಬಂದರೆ ಚೆನ್ನೈಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ. ಹೊರಗೆ ಬರುವಾಗ ಲೆಫ್ಟಿನೆಂಟ್. ಹೆಣ್ಣುಮಕ್ಕಳು 1992ರಿಂದ ಅಲ್ಲಿ ತರಬೇತಿ ಪಡೆಯುತ್ತಿದ್ದಾರೆ ಅಂದಾಗ ನನಗೆ ಖುಷಿಗಿಂತ ಜಾಸ್ತಿ ಬೇಜಾರಾಯಿತು. ಇಷ್ಟು ವರ್ಷದಿಂದ ತೆರೆದಿದ್ದ ಬಾಗಿಲು, ಮನೆತುಂಬ ಸೈನಿಕರಿದ್ದ ನಮಗೆ ಗೊತ್ತೇ ಇರಲಿಲ್ಲ ಅಲ್ವಾ!

ಮನೆಗೆ ಬಂದು ಆ ಹಾಳೆಯನ್ನು ಅಜ್ಜನಿಗೆ ಓದಿ ಹೇಳಿದೆ. ಅಮ್ಮ, "ಮೊದಲು ಡಿಗ್ರಿ ಮುಗಿಸು" ಅಂದರು. ಅಜ್ಜ ತುಂಬಾ ಹೊತ್ತು ಏನೂ ಹೇಳಲಿಲ್ಲ. ಊಟ ಆದ ಮೇಲೆ ತಮ್ಮ ಹಳೇ ಕಂಪನಿ ಕಮಾಂಡರ್ ಬಗ್ಗೆ ಮಾತು ತೆಗೆದರು. ಆ ಸಾಹೇಬರಿಗೆ ಕಂಪನಿಯ ಪ್ರತಿ ಜವಾನನ ಹೆಸರು, ಊರು ಗೊತ್ತಿತ್ತಂತೆ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ರಜ ಬೇಕು, ಎಲ್ಲ. ಫೀಲ್ಡಿಗೆ ಹೋದಾಗ ಜವಾನರ ಊಟ ಆಗುವ ತನಕ ಅವರು ತಟ್ಟೆ ಹಿಡಿಯುತ್ತಿರಲಿಲ್ಲವಂತೆ. "ಕೂಸೇ, ಆಗೋದಾದ್ರೆ ಅಂಥ ಆಫೀಸರ್ ಆಗು. ಸೆಲ್ಯೂಟ್ ಹೊಡೆಸಿಕೊಳ್ಳೋಕೆ ಅಂತ ಹೋಗ್ಬೇಡ" ಅಂದರು. ಜೀವನವಿಡೀ ಸೆಲ್ಯೂಟ್ ಹೊಡೆದವರು ಹೇಳಿದ ಮಾತು. ನನಗೆ ಬೇರೆ ಯಾವ ಪಾಠವೂ ಇಷ್ಟು ನಾಟಿಲ್ಲ.

ಮುಂದೆ ವಾರವಾರ ಪರೇಡ್. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್. ಕಾಲು ನೋವು ಕೆಲವು ವಾರಕ್ಕೆ ಹೋಯಿತು. ಅಜ್ಜನ ಮಾತು ನಿಜವಾಗಿ ಅರ್ಥವಾಗಿದ್ದು ಮಾತ್ರ ವಾರ್ಷಿಕ ಕ್ಯಾಂಪಿನಲ್ಲಿ. ಅಲ್ಲಿ ನಮ್ಮ ಸೆಕ್ಷನ್ನಿನ ಹೊಣೆ ನನಗೆ ಕೊಟ್ಟಿದ್ದರು. ಒಂದು ರಾತ್ರಿ ಊಟದ ಹೊತ್ತಿಗೆ ಒಬ್ಬ ಹುಡುಗಿ ಕಾಣಲಿಲ್ಲ. ಹುಡುಕಿದರೆ, ಮಲಗುವ ಹಾಲ್‌ನಲ್ಲಿ ಟ್ರಂಕಿನ ಪಕ್ಕ ಅಳುತ್ತಾ ಕೂತಿದ್ದಳು. ಮನೆ ಬಿಟ್ಟು ಬಂದದ್ದು ಅದೇ ಮೊದಲು. ಅವಳ ಜೊತೆ ಕೂತು ತಮ್ಮ, ನಾಯಿ, ಅವಳೂರಿನ ಗದ್ದೆ ನಾಟಿ ಎಲ್ಲ ಮಾತಾಡಿಸಿ ಕರೆತರುವಷ್ಟರಲ್ಲಿ ಸಾಂಬಾರ್ ತಳ ಕಂಡಿತ್ತು. ಇದ್ದದ್ದನ್ನು ಅವಳಿಗೆ ಬಡಿಸಿದೆ. ನಾನು ಉಪ್ಪಿನಕಾಯಿ, ಅನ್ನ ತಿಂದೆ. ಮರುದಿನ .22 ರೈಫಲ್ಲಿನಲ್ಲಿ ಗುರಿ ಹೊಡೆದಾಗಲೂ ಅಷ್ಟು ಸಂತೋಷ ಆಗಲಿಲ್ಲ.

ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಚೆಟ್‌ವುಡ್ ಹಾಲ್‌ನಲ್ಲಿ ಒಂದು ಬರಹ ಇದೆ. ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನ ಸೈನಿಕರು, ನಿನ್ನ ಸುಖ ಯಾವಾಗಲೂ ಕೊನೆಗೆ ಅನ್ನೋದು ಅದರ ಸಾರ. ಎಸ್‌ಎಸ್‌ಬಿಗೆ ಓದುವಾಗ ಅದು ಸಿಕ್ಕಿತು. ಅಜ್ಜನಿಗೆ ಓದಿ ಹೇಳಿದೆ. "ನಮ್ಮ ಸಾಹೇಬರು ಅದನ್ನೇ ಮಾಡ್ತಿದ್ರು" ಅಂದರು.

ಈಗ ನಾನು ಕೊನೇ ವರ್ಷ. 'ಸಿ' ಪರೀಕ್ಷೆಗೆ ಮ್ಯಾಪ್ ರೀಡಿಂಗ್ ಓದುತ್ತಿದ್ದೇನೆ. ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡಿನಲ್ಲಿ ವಾಕ್ಯ ಬರೆಯುವ ಎಸ್‌ಎಸ್‌ಬಿ ಪರೀಕ್ಷೆಯ ಅಭ್ಯಾಸಕ್ಕೆ ನನ್ನ ತಮ್ಮ ಗಡಿಯಾರ ಹಿಡಿದು ಕೂರುತ್ತಾನೆ. ಸರ್ ಬರೆದುಕೊಟ್ಟ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ನಾನು ಓದಿದ ಹೈಸ್ಕೂಲಿನ ಹುಡುಗಿಯರಿಗೂ ಕೊಟ್ಟು ಬಂದಿದ್ದೇನೆ.