ಮೇಷ ರಾಶಿಯವನು ಫೆರಾರಾದಲ್ಲಿ ಸಿಕ್ಕ

ಇಟಲಿಯ ಫೆರಾರಾದಲ್ಲಿ ಸ್ಕಿಫನೋಯಾ ಅರಮನೆ ನೋಡಿ ಬಂದೆ. ಆಗ ಊರನ್ನು ಆಳುತ್ತಿದ್ದ ಎಸ್ತೆ ಮನೆತನದವರು ಮೋಜಿಗೆಂದೇ ಕಟ್ಟಿಸಿಕೊಂಡ ಮನೆ. ಆಮೇಲೆ ಹೊಗೆಸೊಪ್ಪಿನ ಕಾರ್ಖಾನೆಯಾಯಿತು, ಚಿತ್ರಗಳ ಮೇಲೆ ಸುಣ್ಣ ಬಳಿದರು, 2012ರಲ್ಲಿ ಭೂಕಂಪದ ಪೆಟ್ಟು ಬೇರೆ. ರಿಪೇರಿಯಾಗಿ ಈಗ ಮತ್ತೆ ತೆರೆದಿದೆ.

ಮಹಡಿಯ ಹಜಾರದ ಗೋಡೆಗಳಲ್ಲಿ ವರ್ಷದ 12 ತಿಂಗಳು ಬರೆಸಿದ್ದರು. ಉಳಿದಿರುವುದು ಸುಮಾರು ಅರ್ಧ. ಕೆಳಸಾಲಿನಲ್ಲಿ ಎಲ್ಲಿ ನೋಡಿದರೂ ದೊರೆ ಬೊರ್ಸೊ, ನಮ್ಮೂರ ಸರ್ಕಲ್‌ನ ಫ್ಲೆಕ್ಸುಗಳಲ್ಲಿ ಶಾಸಕರು ಇರುವ ಹಾಗೆ!

ನಾನು ನಿಂತುಬಿಟ್ಟಿದ್ದು ಮಾರ್ಚ್ ತಿಂಗಳ ನಡುಸಾಲಿನ ಮುಂದೆ. ಹರಕು ಬಿಳಿ ಬಟ್ಟೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಕಪ್ಪು ಮನುಷ್ಯ. ಯಾರಪ್ಪಾ ಇವನು? 1912ರಲ್ಲಿ ಆಬಿ ವಾರ್ಬುರ್ಗ್ ಎಂಬ ಜರ್ಮನ್ ವಿದ್ವಾಂಸ ಈ ಒಗಟನ್ನು ಬಿಡಿಸಿದ. ಇವನು ಮೇಷ ರಾಶಿಯ ಮೊದಲ ದ್ರೇಕ್ಕಾಣದ, ಅಂದರೆ ರಾಶಿಯನ್ನು ಮೂರು ಪಾಲು ಮಾಡಿದರೆ ಬರುವ ಮೊದಲ ಪಾಲಿನ, ರೂಪ. ನಮ್ಮ ವರಾಹಮಿಹಿರ ವರ್ಣಿಸಿದವನೇ! ಬಾಗ್ದಾದಿನ ಜ್ಯೋತಿಷಿ ಅಬು ಮಅಶರ್ ಬರಹದ ಮೂಲಕ ಇಲ್ಲಿಯವರೆಗೆ ಬಂದಿದ್ದಾನೆ. ಜಾತಕ ಅಂದರೆ ಮೂಗು ಮುರಿಯುವ ನನಗೂ ಇವನ ಮೇಲೆ ಒಂಥರಾ ಸಲಿಗೆ ಹುಟ್ಟಿತು. ವೀಸಾ ಇಲ್ಲದೆ ಎಷ್ಟು ದೂರ ಬಂದಿದ್ದಾನೆ, ಅಲ್ವಾ?

ಅಂದಹಾಗೆ, ಈ ಗೋಡೆ ಬರೆದ ಫ್ರಾಂಚೆಸ್ಕೊ ದೆಲ್ ಕೊಸ್ಸಾನಿಗೆ ಅಡಿ ಲೆಕ್ಕದಲ್ಲಿ ಕೂಲಿ. ಇದು ಸಾಲದು ಎಂದು 1470ರಲ್ಲಿ ದೊರೆಗೆ ಪತ್ರ ಬರೆದ. ದೊರೆ ಜಗ್ಗಲಿಲ್ಲ. ಕೊಸ್ಸಾ ಗಂಟುಮೂಟೆ ಕಟ್ಟಿಕೊಂಡು ಬೊಲೊನ್ಯಾಕ್ಕೆ ಹೊರಟ. ಸರಿಯಾಗಿಯೇ ಮಾಡಿದ.