ಅಂಗಾತ ಹಾರುವುದನ್ನು ಮೊದಲೇ ಏಕೆ ಕಲಿಸುವುದಿಲ್ಲ?

ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರವಾದಾಗಲೆಲ್ಲ ಪೋಷಕರೂ ಹಳೆಯ ವಿದ್ಯಾರ್ಥಿಗಳೂ ಒಂದೇ ಪ್ರಶ್ನೆ ಕೇಳುತ್ತಾರೆ: "ಟಿ.ವಿ.ಯಲ್ಲಿ ಎಲ್ಲರೂ ಎತ್ತರ ಜಿಗಿತದಲ್ಲಿ ಅಂಗಾತ ಹಾರುತ್ತಾರೆ, ನಮ್ಮ ಮಕ್ಕಳಿಗೆ ಮಾತ್ರ ನೀವಿನ್ನೂ ಕತ್ತರಿ ಜಿಗಿತವನ್ನೇ ಹೇಳಿಕೊಡುತ್ತೀರಲ್ಲ, ಏಕೆ?"

ಕತ್ತರಿ ಜಿಗಿತವೆಂದರೆ ಕತ್ತರಿಯ ಅಲಗುಗಳಂತೆ ಕಾಲುಗಳನ್ನು ಒಂದರ ಹಿಂದೊಂದಾಗಿ ಅಡ್ಡಪಟ್ಟಿಯ ಮೇಲಿಂದ ದಾಟಿಸಿ, ಕಾಲ ಮೇಲೆಯೇ ಇಳಿಯುವುದು. ಅದನ್ನೇ ಕಲಿಸಲು ಮೊದಲ ಕಾರಣ ನಮ್ಮ ಮರಳಿನ ಗುಂಡಿ. ಫಾಸ್ಬರಿ ಫ್ಲಾಪ್ ಎಂಬ, ಅಂಗಾತ ಹಾರುವ ಆ ವಿಧಾನದಲ್ಲಿ ಜಿಗಿದವರು ಬೀಳುವುದು ಭುಜ, ಬೆನ್ನುಗಳ ಮೇಲೆ. ದಪ್ಪ ಫೋಮ್ ಹಾಸಿಗೆ ಇಲ್ಲದ ಕಡೆ ಅದನ್ನು ಮಾಡಿಸಿದರೆ ಮಗುವಿನ ಕುತ್ತಿಗೆಯನ್ನೇ ಪಣಕ್ಕಿಟ್ಟಂತೆ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಆದರೆ ಹಾಸಿಗೆ ಸಿಕ್ಕರೂ ನಾನು ಕತ್ತರಿಯಿಂದಲೇ ಆರಂಭಿಸುತ್ತೇನೆ. ಪಾದ ನೆಲ ಬಿಟ್ಟ ಮೇಲೆ ದೇಹದ ಗುರುತ್ವಕೇಂದ್ರ ಸಾಗುವ ದಾರಿಯನ್ನು ಯಾರೂ ಬದಲಿಸಲಾರರು. ಗಾಳಿಯಲ್ಲಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದರಿಂದ ಆಗುವ ಲಾಭವೆಂದರೆ, ಅಂಗಾಂಗಗಳು ಒಂದೊಂದಾಗಿ ಅಡ್ಡಪಟ್ಟಿಯನ್ನು ದಾಟುವುದರಿಂದ ಅದೇ ಏರಿಕೆಯಲ್ಲಿ ಸ್ವಲ್ಪ ಹೆಚ್ಚಿನ ಎತ್ತರ ದಕ್ಕುತ್ತದೆ ಎಂಬುದಷ್ಟೆ. ಏರಿಕೆಯೇ ಇಲ್ಲದವನಿಗೆ ಬಾಗುವುದನ್ನು ಕಲಿಸಿ ಏನು ಪ್ರಯೋಜನ? 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ಜಿಗಿದು ಚಿನ್ನ ಗೆದ್ದ ಡಿಕ್ ಫಾಸ್ಬರಿ ಕೂಡ ಶಾಲಾ ದಿನಗಳಲ್ಲಿ ಕತ್ತರಿ ಜಿಗಿತವನ್ನೇ ಮಾಡುತ್ತ, ಮೆಲ್ಲಮೆಲ್ಲನೆ ಹಿಂದಕ್ಕೆ ಒರಗುತ್ತ ಹೋಗಿ ಆ ವಿಧಾನವನ್ನು ಕಂಡುಕೊಂಡವರು.

ಹಾಗಾಗಿ ನನ್ನ ಪಾಠದ ಬಹುಪಾಲು ಓಟದಲ್ಲೇ ಕಳೆಯುತ್ತದೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ಓಡಿ ಬೆಳೆದ ಮಕ್ಕಳಿಗೆ ನೇರ ಓಟ ಹೊಸದಲ್ಲ, ಬಾಗಿದ ಓಟ ಹೊಸದು. ಎಡಗಾಲಿನಲ್ಲಿ ಚಿಮ್ಮುವವರನ್ನು ಪಟ್ಟಿಯ ಬಲಬದಿಯಿಂದ ಓಡಿಸುತ್ತೇನೆ. ಚಿಮ್ಮುವ ಕಾಲು ಯಾವಾಗಲೂ ಪಟ್ಟಿಯಿಂದ ದೂರದ ಕಾಲಾಗಿರಬೇಕು. ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ಎಂಟು ಹೆಜ್ಜೆಗಳಲ್ಲಿ ಮೊದಲ ನಾಲ್ಕು ನೇರ, ಉಳಿದ ನಾಲ್ಕು ಬಾಗಿದ ದಾರಿಯಲ್ಲಿ. ತಿರುವಿನಲ್ಲಿ ಸೈಕಲ್ ವಾಲುವಂತೆ ದೇಹ ಒಳಕ್ಕೆ, ಎಂದರೆ ಪಟ್ಟಿಯಿಂದ ದೂರಕ್ಕೆ ವಾಲಬೇಕು. ಕೊನೆಯದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ ಸೊಂಟ ತುಸು ತಗ್ಗಬೇಕು; ಕೊನೆಯ ಹೆಜ್ಜೆ ಚುರುಕಾಗಿರಬೇಕು. ಮಕ್ಕಳು ಎಡವುವುದು ಇಲ್ಲೇ: ಪಟ್ಟಿ ಕಂಡೊಡನೆ ಹೆಜ್ಜೆಗಳನ್ನು ಕಿರಿದು ಮಾಡಿ, ವೇಗ ಕಳೆದುಕೊಂಡು, ಪಟ್ಟಿಗೆ ತೀರಾ ಹತ್ತಿರದಿಂದ ಜಿಗಿಯುತ್ತಾರೆ. ಅದಕ್ಕೇ ವಾರಗಟ್ಟಲೆ ಪಟ್ಟಿಯ ಬದಲು ಎಲಾಸ್ಟಿಕ್ ದಾರ ಕಟ್ಟುತ್ತೇನೆ. ಭಯ ಹೋದರೆ ಅರ್ಧ ದೋಷ ಹೇಳದೆಯೇ ಹೋಗುತ್ತದೆ. (ದಾರ ಪದೇ ಪದೇ ಕಳುವಾಗುವುದು ಬೇರೆ ಕಥೆ.)

ಕತ್ತರಿಯಲ್ಲಿ ಗೆಲ್ಲಲಾಗದು ಎಂಬ ಮಾತೂ ನಿಜವಲ್ಲ. ನಿಯಮ ಕೇಳುವುದು ಒಂದೇ ಕಾಲಿನಲ್ಲಿ ಚಿಮ್ಮಬೇಕೆಂಬುದನ್ನು. ಪಟ್ಟಿಯನ್ನು ಹೇಗೆ ದಾಟಬೇಕೆಂದು ಅದು ಹೇಳುವುದಿಲ್ಲ. ಹೋಬಳಿ ಮಟ್ಟದಲ್ಲಿ ಅಚ್ಚುಕಟ್ಟಾದ ಓಟವುಳ್ಳ ಕತ್ತರಿ ಜಿಗಿತಗಾರರು ಅರೆಬರೆ ಫ್ಲಾಪ್ ಮಾಡುವವರನ್ನು ಹಿಂದೆ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ಎಂಟನೆಯ ಹೆಜ್ಜೆ ಹತ್ತು ಸಲದಲ್ಲಿ ಎಂಟು ಸಲವಾದರೂ ಗುರುತಿನ ಮೇಲೆ ಬೀಳತೊಡಗಿದವರನ್ನು ಹಾಸಿಗೆಯಿರುವ ಮೈದಾನಕ್ಕೆ ಕರೆದೊಯ್ಯುತ್ತೇನೆ. ಅಲ್ಲಿಯೂ ಮೊದಲ ದಿನ ಓಟವಿಲ್ಲ, ಪಟ್ಟಿಯೂ ಇಲ್ಲ: ಹಾಸಿಗೆಗೆ ಬೆನ್ನು ಮಾಡಿ ನಿಂತು, ಎರಡೂ ಕಾಲಿನಲ್ಲಿ ಜಿಗಿದು, ಗದ್ದವನ್ನು ಎದೆಗೆ ಒತ್ತಿಕೊಂಡು, ಭುಜಗಳ ಮೇಲೆ ಬೀಳುವುದಷ್ಟೇ ಅಭ್ಯಾಸ.