ಬ್ಲೋವರ್ ನಿಂತಾಗಲೇ ಮೀಟರ್ ಹಿಡಿಯಬೇಕು

ಕಾರಿನ ಹೀಟರಿಗೂ ಎಸಿಗೂ ಗಾಳಿ ಊದುವುದು ಒಂದೇ ಫ್ಯಾನು. ಗ್ಯಾರೇಜಿನಲ್ಲಿ ಅದಕ್ಕೆ ಬ್ಲೋವರ್ ಅನ್ನುತ್ತಾರೆ. ನಮ್ಮ ರಾಯಚೂರಿನಲ್ಲಿ ಹೀಟರ್ ಹಾಕುವ ದಿನಗಳೇ ಕಡಿಮೆ. ಆದರೆ ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ಬ್ಲೋವರ್ ನಿಂತರೆ ಕಾರಿನೊಳಗೆ ಕೂರಲು ಆಗುವುದಿಲ್ಲ.

ನಮ್ಮ ಹಳೆ ಕಾರಿನದು ಪೂರ್ತಿ ಕೆಟ್ಟಿರಲಿಲ್ಲ, ಅದೇ ತೊಂದರೆ. ಅವ್ವನನ್ನು ಕರೆದುಕೊಂಡು ಸಿಂಧನೂರಿಗೆ ಹೊರಟಿದ್ದೆ. ಮಾನ್ವಿ ಮುಟ್ಟುವ ಮೊದಲೇ ಗಾಳಿ ನಿಂತಿತು. ಅವ್ವನಿಗೆ ಬಿಪಿ ಇದೆ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ "ಕಿಡಕಿ ತೆಗಿಯಪ್ಪಾ" ಅಂದಳು. ತೆಗೆದರೆ ಒಲೆ ಮುಂದೆ ಕೂತ ಹಾಗೆ ಝಳ. ಮುಂದೆ ಒಂದು ಗುಂಡಿಯಲ್ಲಿ ಚಕ್ರ ಇಳಿಯಿತು ನೋಡಿ, ಬ್ಲೋವರ್ ತಾನಾಗೇ ಶುರುವಾಯಿತು!

ಒಂದು ಗ್ಯಾರೇಜಿನಲ್ಲಿ "ಮೋಟರ್ ಹೋಗಿದೆ, ಬದಲಿಸಿಬಿಡೋಣ" ಅಂದರು. ಆಗ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು. ಏನೂ ಅಳೆದು ನೋಡದೆ ಮೋಟರಿಗೆ ದುಡ್ಡು ಹಾಕಲು ನನಗೆ ಮನಸ್ಸಾಗಲಿಲ್ಲ. ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ವಯಸ್ಸಾದವರು. "ಓಡೂ ಫ್ಯಾನಿನಾಗ ನಾ ಏನ್ ಹುಡುಕ್ಲಿ ಸರ್? ನಿಂತಾಗ ನೋಡ್ಬೇಕು" ಅಂದವರು ವೋಲ್ಟ್ ಅಳೆಯುವ ಮೀಟರ್ ಹಿಡಿದು ನನ್ನ ಪಕ್ಕದ ಸೀಟಿನಲ್ಲೇ ಕೂತುಬಿಟ್ಟರು. ಕೆಟ್ಟ ರಸ್ತೆ ಹುಡುಕಿಕೊಂಡು ಹೊರಟೆವು.

ದಾರಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ: ನಿಂತಾಗ ಎಲ್ಲಕ್ಕಿಂತ ಜೋರಾದ 4ನೇ ಸ್ಪೀಡಾದರೂ ಬರುತ್ತದಾ? ಇಲ್ಲ ಅಂದೆ. ಹಾಗಾದರೆ ರೆಸಿಸ್ಟರ್ ಅಲ್ಲ ಅಂದರು. ಕೆಳಗಿನ ಸ್ಪೀಡುಗಳಿಗೆ ಕರೆಂಟ್ ರೆಸಿಸ್ಟರ್ ಮೂಲಕ ಹೋಗುತ್ತದೆ, 4ನೆಯದಕ್ಕೆ ಅದರ ಹಂಗಿಲ್ಲ. ರೆಸಿಸ್ಟರ್ ಸುಟ್ಟರೆ ಸಾಮಾನ್ಯವಾಗಿ 4 ಮಾತ್ರ ಉಳಿಯುತ್ತದೆ. ಎರಡನೆಯದು, ಫ್ಯಾನಿನ ಸದ್ದೂ ನಿಲ್ಲುತ್ತದಾ? ಸದ್ದು ಇದ್ದು ಗಾಳಿ ಮಾತ್ರ ನಿಧಾನಕ್ಕೆ ಕಡಿಮೆಯಾದರೆ ಕೂಲಿಂಗ್ ಕಾಯಿಲಿನ ಮೇಲೆ ಐಸ್ ಕಟ್ಟಿರಬಹುದು. ನಮ್ಮದರಲ್ಲಿ ಸದ್ದೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ಫ್ಯಾನು ನಿಂತಿತು. ಎಂಜಿನ್ ಚಾಲೂ ಇಟ್ಟು, ಸ್ವಿಚ್ಚು 4ರಲ್ಲಿಟ್ಟು ಗಾಡಿ ಬದಿಗೆ ಹಾಕಿದೆ. ಅವರು ಗ್ಲೋವ್ ಬಾಕ್ಸ್ ಕೆಳಗೆ ಬಗ್ಗಿ ಮೋಟರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ತಟ್ಟಿದಾಗ ಎಷ್ಟೋ ಸಲ ತಿರುಗುತ್ತದೆ. ತಿರುಗಲಿಲ್ಲ. ಆಮೇಲೆ ಮೋಟರಿಗೆ ವೈರ್ ಜೋಡಿಸುವ ಕಪ್ಲರ್ ಬಿಚ್ಚದೆ ಹಿಂದಿನಿಂದ ಮೀಟರಿನ ವೈರಿನ ಮೊನೆ ಚುಚ್ಚಿದರು. ಪ್ಲಸ್ ವೈರಿನಲ್ಲಿ 13.8 ವೋಲ್ಟ್. ಸೊನ್ನೆಯ ಹತ್ತಿರ ಇರಬೇಕಾದ ಮೈನಸ್ ವೈರಿನಲ್ಲೂ 13.8!

ಮೋಟರ್ ಉಳಿದದ್ದು ಈ ಎರಡನೇ ಅಂಕಿಯಿಂದ. ಒಳಗೆ ಬ್ರಷ್ ಬಿಟ್ಟಿದ್ದರೆ ಮೈನಸ್ ಕಡೆ ವೋಲ್ಟೇಜ್ ದಾಟುತ್ತಲೇ ಇರಲಿಲ್ಲ. ದಾಟಿದೆ ಅಂದರೆ ಒಳದಾರಿ ಸರಿ ಇದೆ, ಅರ್ಥಿಂಗ್, ಅಂದರೆ ಕರೆಂಟ್ ಬಾಡಿಗೆ ವಾಪಸ್ ಹೋಗುವ ದಾರಿ, ತಪ್ಪಿದೆ. ಈ ಕಾರಿನಲ್ಲಿ ಸ್ಪೀಡ್ ಸ್ವಿಚ್ಚು ಇರುವುದು ಅರ್ಥ್ ಕಡೆ. ಪ್ಯಾನಲ್ ಬಿಚ್ಚಿದರು. ಸ್ವಿಚ್ಚಿನ ಹಿಂದಿನ ಬಿಳಿ ಕಪ್ಲರಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಕಪ್ಪು ವೈರಿನ ಪಿನ್ ನೀಲಿಗಟ್ಟಿ ಸಡಿಲವಾಗಿತ್ತು. ಎಲ್ಲ ಸ್ಪೀಡಿನ ಕರೆಂಟೂ ಅರ್ಥಿಗೆ ಹೋಗುವುದು ಆ ಒಂದು ಪಿನ್ನಿನಿಂದ. ಬೆರಳಿನಿಂದ ಒತ್ತಿದರು, ಗಾಳಿ ಬಂತು.

ಹೊಸ ಕಪ್ಲರ್ ಹಾಕಿ ಕಳಿಸಿದ್ದರೆ ನಾನು ಖುಷಿಯಾಗಿಯೇ ಹೋಗುತ್ತಿದ್ದೆ. ಅವರು ಬಿಡಲಿಲ್ಲ. ಪಿನ್ ಸುಮ್ನೆ ಸುಡುವುದಿಲ್ಲ ಅಲ್ವಾ? ವೈರನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಮೋಟರ್ 19 ಆಂಪಿಯರ್ ಎಳೆಯುತ್ತಿತ್ತು. ಬಿಗಿಯಾಗಿ ತಿರುಗುವ ಮೋಟರ್ ಹೆಚ್ಚು ಕರೆಂಟ್ ಎಳೆದು ಪಿನ್ ಕಾಯಿಸುತ್ತದೆ. ಮೋಟರ್ ಇಳಿಸಿದಾಗ ಫ್ಯಾನಿನ ಬುಡದಲ್ಲಿ ಹತ್ತಿಯ ಎಳೆಗಳು ಧೂಳಿನ ಜೊತೆ ಸೇರಿ ಗಟ್ಟಿಯಾಗಿ ಸುತ್ತಿಕೊಂಡಿದ್ದವು. ಸೀಸನ್ನಿನಲ್ಲಿ ಹತ್ತಿ ಲಾರಿಗಳ ಹಿಂದೆ ಓಡಿಸುತ್ತೇವೆ, ಈ ಕಾರಿಗೆ ಕ್ಯಾಬಿನ್ ಫಿಲ್ಟರ್ ಇಲ್ಲ. ಅದನ್ನು ಕಿತ್ತು, ಮೋಟರಿನ ಶಾಫ್ಟ್ ತಿರುಗುವ ಬುಷ್‌ಗೆ ಎಣ್ಣೆ ಬಿಟ್ಟ ಮೇಲೆ 14ಕ್ಕೆ ಇಳಿಯಿತು.

"ಮತ್ತ ನಿಂತ್ರ ದೊಡ್ಡ ಫ್ಯೂಸ್ ಗೀಸ್ ಹಾಕ್ಬ್ಯಾಡ್ರಿ, ವೈರೇ ಹತ್ಕೊಂತದ" ಅಂತ ಗಟ್ಟಿಯಾಗಿ ಹೇಳಿ ಕಳಿಸಿದರು. ಲಾಂಗ್ ಡ್ರೈವ್ ಆದ ಮೇಲೆ ಕಪ್ಲರ್ ಮುಟ್ಟಿ ನೋಡುತ್ತಿರುತ್ತೇನೆ, ಬೆಚ್ಚಗಷ್ಟೇ ಇರುತ್ತದೆ. ಈ ಸಲ ಹತ್ತಿ ಬರುವಷ್ಟರಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಬರುವ ಕಡೆ ಒಂದು ಜಾಲರಿ ಕೂರಿಸಬೇಕು.